ಹೆಬ್ಬೆರಳಿಗೆ ಎರಡು ಪಕ್ಷ

ನಾನು ಇಂದಿರಾನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಡಂ ಆಗಿದ್ದೆ. ನಿವೃತ್ತಿಗೆ ಎರಡೇ ತಿಂಗಳಿದ್ದಾಗ ಬಲಗಾಲಿನ ಹೆಬ್ಬೆರಳ ಉಗುರು ಹೊರಗೆ ಬೆಳೆಯುವುದು ಬಿಟ್ಟು ಮಾಂಸದೊಳಗೆ ಇಳಿಯಿತು. ಶೂಗೆ ಕಾಲು ತೂರಿಸಿದರೆ ಜೀವ ಬಾಯಿಗೆ ಬರುತ್ತಿತ್ತು. ಶೂ ಇಲ್ಲದೆ ನಮ್ಮ ಲ್ಯಾಬಿಗೆ ಪ್ರವೇಶವಿಲ್ಲ. ಆ ನಿಯಮ ಮಾಡಿದವಳೂ ನಾನೇ, ಚಪ್ಪಲಿಯಲ್ಲಿ ಬಂದವರನ್ನು ಮೂವತ್ತು ವರ್ಷ ಬಾಗಿಲಿನಿಂದಲೇ ಅಟ್ಟಿದವಳೂ ನಾನೇ. ಇನ್ನು ಮೂರು ವಾರಕ್ಕೆ ಪ್ರಾಕ್ಟಿಕಲ್ ಪರೀಕ್ಷೆ, ನನ್ನ ಪಾಲಿಗೆ ಕೊನೆಯದು. ಅಂದು ಆ ಲ್ಯಾಬಿನೊಳಗೆ ನಿಂತಿರಬೇಕು, ಅಷ್ಟೇ ನನ್ನ ಆಸೆ.

ಹಲಸೂರಿನ ಡಾಕ್ಟರು ಬೆರಳು ನೋಡಿ, "ಅಂಚು ಕತ್ತರ್ಸಿ, ಬುಡಕ್ಕೆ ಫಿನಾಲ್ ಹಚ್ಬಿಡ್ತೀನಿ. ಮತ್ತೆ ಆ ಕಡೆ ಬೆಳೆಯಲ್ಲ. ನಾಳೇನೇ ಬನ್ನಿ," ಎಂದರು. ಕೆಲವರು ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನೂ ಹಚ್ಚುತ್ತಾರೆ ಎಂದು ಬಾಯಿತಪ್ಪಿ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಮರುದಿನ ಹೋಗಿ ಹಚ್ಚಿಸಿಕೊಂಡು ಬರುತ್ತಿದ್ದರು. ನಾನು ವಿಷಯವನ್ನು ಸ್ಟಾಫ್ ರೂಮಿಗೆ ಒಯ್ದೆ.

ನಮ್ಮ ವಿಭಾಗದಲ್ಲಿ ಆರ್ಗ್ಯಾನಿಕ್ ಪಾಠ ಮಾಡುವವರೂ ಇನಾರ್ಗ್ಯಾನಿಕ್ ಪಾಠ ಮಾಡುವವರೂ ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಾರೆ, ಒಂದು ಮಾತಿಗೂ ಒಪ್ಪುವುದಿಲ್ಲ. ಫಿನಾಲ್ ಮೊದಲನೆಯವರ ಸ್ವತ್ತು, ಕ್ಷಾರ ಎರಡನೆಯವರದು.

"ಫಿನಾಲ್ ಹಾಕಿದ್ರೆ ವಾರಗಟ್ಲೆ ಸೋರತ್ತೆ ರೀ!"

"ನಿಮ್ಮ ಕ್ಷಾರ ಒಂದ್ನಿಮಿಷ ಜಾಸ್ತಿ ಇಟ್ರೆ ಬೆರಳೇ ಇರಲ್ಲ!"

ನಾನಾದರೂ ಸುಮ್ಮನಿದ್ದೆನೇ? ಬೋರ್ಡಿನ ಮೇಲೆ ಪಟ್ಟಿ ಎಳೆದೆ: ನೋವು, ಸೋರಿಕೆ, ವಾಸಿಯಾಗುವ ದಿನ. ಸಿ.ವಿ. ರಾಮನ್ ನಗರದಿಂದ ಬರುವ ಸಹೋದ್ಯೋಗಿ ದಿನವೂ ಬಸ್ಸಿನಲ್ಲಿ ಮೊಬೈಲ್ ತಡಕಿ ಹೊಸ ಅಂಶ ತರುತ್ತಿದ್ದಳು. ನಾನು ಕುಂಟುತ್ತಾ ಎದ್ದು ಹೋಗಿ ಅದನ್ನು ಬರೆಯುತ್ತಿದ್ದೆ.

ಶಿವಾಜಿನಗರದಿಂದ ಬರುವ ನಮ್ಮ ಲ್ಯಾಬ್ ಅಟೆಂಡರ್ ಭಾಯಿ ಒಂದು ದಿನ ಕೇಳಿಯೇ ಬಿಟ್ಟರು. "ಬೆರಳು ನಿಮ್ದು ಮೇಡಂ, ಇವ್ರ್ಯಾಕೆ ಇಷ್ಟು ಕೂಗ್ತಾರೆ? ಹೋಗಿ ತೋರಿಸ್ಕೊಂಡು ಬನ್ನಿ."

"ನಿಮಗೆ ಅರ್ಥ ಆಗಲ್ಲ ಭಾಯಿ," ಎಂದೆ. ನನ್ನ ಕೊಬ್ಬು, ಮತ್ತೇನು!

ಹದಿನೆಂಟನೆಯ ದಿನ ಕ್ಷಾರ ಗೆದ್ದಿತು. ತೀರ್ಪು ಹಿಡಿದುಕೊಂಡು ಡಾಕ್ಟರ ಬಳಿ ಹೋದೆ. ಅವರು ಬೆರಳು ನೋಡಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಎರಡ್ರಲ್ಲಿ ಯಾವ್ದಾದ್ರೂ ಆಗ್ತಿತ್ತು ಮೇಡಂ. ಈಗ ಕೀವು ತುಂಬಿದೆ. ಮೊದ್ಲು ಮಾತ್ರೆ ತಗೊಳ್ಳಿ, ವಾರ ಬಿಟ್ಟು ನೋಡೋಣ. ಶೂ ಮಾತ್ರ ಮುಟ್ಲೇಬೇಡಿ."

ಪರೀಕ್ಷೆಯ ದಿನ ಬ್ಯಾಂಡೇಜು ಸುತ್ತಿದ ಕಾಲಿಗೆ ಚಪ್ಪಲಿ ಹಾಕಿಕೊಂಡು ಲ್ಯಾಬಿನ ಬಾಗಿಲಿಗೆ ಬಂದೆ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು, "ಪರವಾಗಿಲ್ಲ, ಬನ್ನಿ," ಎಂದರು. ಒಳಗಿದ್ದ ಇಪ್ಪತ್ತು ಹುಡುಗಿಯರು ಬುರೆಟ್ ಬಿಟ್ಟು ನನ್ನ ಕಾಲನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಕುಗ್ಗಿಹೋದೆ, ಹೆಜ್ಜೆ ಎತ್ತಲಾಗಲಿಲ್ಲ. ಭಾಯಿ ಒಂದು ಸ್ಟೂಲು ತಂದು ಹೊಸ್ತಿಲ ಹೊರಗೆ ಇಟ್ಟರು. ಮೂರು ಗಂಟೆ ಅದರ ಮೇಲೆ ಕೂತು, ಯಾರ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಿತೋ ಎಂದು ಕತ್ತು ಚಾಚಿ ಚಾಚಿ ನೋಡಿದೆ. ಅಲ್ಲಿಂದ ಹುಡುಗಿಯರ ಬೆನ್ನುಗಳಷ್ಟೇ ಕಾಣುತ್ತಿದ್ದವು.