ಬೇವಿನಸೊಪ್ಪು ತಂದ ಕೋಚ್ ಸಾರ್

ಕಳೆದ ವಾರ ಮೊಣಕಾಲು ನೋವಿಗೆಂದು ಹೊಸಹಳ್ಳಿಯ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ನೀಲಗಿರಿ ಎಣ್ಣೆಯ ವಾಸನೆ ಕೋಣೆಯೆಲ್ಲ ತುಂಬಿತು. ಎರಡು ಸಾವಿರದ ನಾಲ್ಕೋ ಐದೋ ಇಸವಿ... ಬಸವೇಶ್ವರನಗರದ ಮೈದಾನದಲ್ಲಿ ಮಣ್ಣು ಮೆತ್ತಿದ ಕಾಲು ಚಾಚಿ ಸಾಲಾಗಿ ಕೂತ ಮಕ್ಕಳು, ಕೊಬ್ಬರಿ ಎಣ್ಣೆಗೆ ನೀಲಗಿರಿ ಎಣ್ಣೆ ಬೆರೆಸಿ ಒಬ್ಬೊಬ್ಬರ ಮೀನಖಂಡಕ್ಕೂ ತಿಕ್ಕುತ್ತಿದ್ದ ಕೋಚ್ ಸಾರ್.

ಅವರು ಕುರುಬರಹಳ್ಳಿಯ ಹಳೇ ಮನೆತನದವರು. ಕಾರ್ಖಾನೆಯ ಮೊದಲನೇ ಶಿಫ್ಟ್ ಮುಗಿಸಿ ಸೈಕಲ್ಲಿನಲ್ಲಿ ನೇರ ಮೈದಾನಕ್ಕೆ ಬರುತ್ತಿದ್ದರು. ಪ್ರಾಯದಲ್ಲಿ ಕಾರ್ಖಾನೆಯ ತಂಡಕ್ಕೆ ಫುಟ್‌ಬಾಲ್ ಆಡಿದ್ದರಂತೆ, ಆದರೆ ಆ ಸುದ್ದಿಯನ್ನು ಅವರ ಬಾಯಿಂದ ಹೊರಡಿಸುವುದು ಸುಲಭವಿರಲಿಲ್ಲ. ಎಂಟು ವರ್ಷದ ನನ್ನ ಮಗನನ್ನು ಅವರ ಕೈಗೆ ಒಪ್ಪಿಸಿದಾಗ ಅವನು ಚೆಂಡಿಗಿಂತ ಹೆಚ್ಚಾಗಿ ಗಾಳಿಯನ್ನೇ ಒದೆಯುತ್ತಿದ್ದ. ಮೂರು ವರ್ಷದಲ್ಲಿ ಅವನಿಲ್ಲದೆ ತಂಡ ಇಳಿಯದು ಅನ್ನುವ ಹಾಗೆ ಮಾಡಿದರು.

ಹಾಗಾದದ್ದೇ ತೊಂದರೆಗೂ ಕಾರಣವಾಯಿತು. ಊರಿನ ಆ ಕಡೆಯ ದೊಡ್ಡ ಕ್ಲಬ್ಬೊಂದು ಅವನನ್ನು ಕರೆಯಿತು. ಅವರದ್ದು ನಿಜವಾದ ಹುಲ್ಲಿನ ಮೈದಾನ, ಬೆನ್ನ ಮೇಲೆ ಹೆಸರು ಬರೆದ ಟ್ರ್ಯಾಕ್‌ಸೂಟ್, ದಸರಾ ರಜೆ ಮುಗಿಯುವ ಮುಂಚೆ ಗೋವಾಕ್ಕೆ ರೈಲಿನಲ್ಲಿ ಟೂರ್ನಿ. ನಮ್ಮ ಮನೆಯವರು ಅಂದೇ ತೀರ್ಮಾನ ಮಾಡಿಬಿಟ್ಟರು. ಮೈದಾನದ ಕಟ್ಟೆಯ ಮೇಲೆ ಕೂರುತ್ತಿದ್ದ ಇನ್ನೊಬ್ಬ ಹುಡುಗನ ತಾಯಿ ಮಾತ್ರ, ಇಲ್ಲಿ ಆಡ್ತಾನೆ, ಅಲ್ಲಿ ಕೂತ್ಕೋತಾನೆ, ಯೋಚನೆ ಮಾಡಿ ಎಂದಿದ್ದರು. ನನಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕೇಳಿಸಿತು. ಮಗನಂತೂ ಆಗಲೇ ಗೋವಾದಲ್ಲಿದ್ದ.

ಅಡ್ಡಿ ಇದ್ದದ್ದು ಒಂದೇ. ಹುಡುಗನನ್ನು ಬಿಟ್ಟುಕೊಟ್ಟಿದ್ದೇವೆ ಎಂದು ಹಳೇ ಕೋಚ್ ಒಂದು ಕಾಗದ ಬರೆದುಕೊಡಬೇಕು, ಇಲ್ಲದಿದ್ದರೆ ಹೊಸ ಕ್ಲಬ್ಬು ಟೂರ್ನಿಯ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಕೇಳಬೇಕಾದವಳು ನಾನು, ಏಕೆಂದರೆ ದಿನಾ ಮೈದಾನಕ್ಕೆ ಹೋಗುತ್ತಿದ್ದವಳು ನಾನೇ. ಎರಡು ಸಲ ಹೋದೆ, ಎರಡು ಸಲವೂ ಹವಾಮಾನದ ಬಗ್ಗೆ ಮಾತಾಡಿ ಬಂದೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲಿಕ್ಕೆ ಜಾಗವಿಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಪಾಡು.

ಕೊನೆಗೆ ಫೋನಿನಲ್ಲಿ ಒಂದು ಸುಳ್ಳು ಹೇಳಿದೆ. ಮಗನಿಗೆ ಅಮ್ಮ ಆಗಿದೆ, ಮೂರು ವಾರ ಬರುವುದಿಲ್ಲ ಎಂದೆ. ಸೀತಾಳೆ ಸಿಡುಬಿಗೆ ನಮ್ಮ ಕಡೆ ಅಮ್ಮ ಅಂತಲೇ ಅನ್ನುವುದು. ಅಮ್ಮ ಬಂದ ಮನೆಗೆ ಯಾರೂ ಬರುವುದಿಲ್ಲ, ಹೆಚ್ಚು ವಿಚಾರಿಸುವುದೂ ಇಲ್ಲ. ಅಷ್ಟರಲ್ಲಿ ಅವರು ಬೇರೆ ಹುಡುಗನನ್ನು ಹಾಕಿಕೊಳ್ಳುತ್ತಾರೆ, ಆಮೇಲೆ ಕಾಗದ ಕೇಳುವುದು ಸುಲಭ ಎಂದು ನನ್ನ ಲೆಕ್ಕ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದೆನೆಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಐದನೇ ದಿನ ಭಾನುವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಮಗ ಹೊಸ ಕ್ಲಬ್ಬಿನ ಪ್ರಾಕ್ಟೀಸಿಗೆ ಹೋಗಿದ್ದ. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಗೇಟಿನ ಹತ್ತಿರ ಸೈಕಲ್ ಬೆಲ್ ಕೇಳಿತು. ನೋಡಿದರೆ ಕೋಚ್ ಸಾರ್. ಹ್ಯಾಂಡಲ್ಲಿನ ಒಂದು ಕಡೆ ಎರಡು ಎಳನೀರು, ಇನ್ನೊಂದು ಕಡೆ ಬೇವಿನಸೊಪ್ಪಿನ ಕಟ್ಟು. ಒಳಗೆ ಬರಬಾರದೆಂದು ಗೇಟಿನ ಆಚೆಯೇ ನಿಂತಿದ್ದರು.

ಅಮ್ಮ ಆದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಇಂಗು, ಸಾಸಿವೆಯ ಘಾಟು ಬೀದಿಯವರೆಗೂ ಹೋಗಿತ್ತು. ಅವರು ನಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು, ಅಲ್ಲಿ ಒಂದು ಬೇವಿನ ಎಲೆಯೂ ಇರಲಿಲ್ಲ. ಆಮೇಲೆ ಕೇಳಿದರು:

"ಯಾವ ಕ್ಲಬ್ ಮೇಡಂ?"

ಹೇಳಿದೆ. ಒಳ್ಳೇ ಕ್ಲಬ್ಬು ಅಂದರು. ಒಂದು ಹಾಳೆ, ಪೆನ್ನು ತರಿಸಿಕೊಂಡು ಸೈಕಲ್ ಸೀಟಿನ ಮೇಲಿಟ್ಟು ನಾಲ್ಕು ಸಾಲು ಬರೆದು ಸಹಿ ಮಾಡಿದರು. ಹುಡುಗನ ನಡತೆ ಚೆನ್ನಾಗಿದೆ ಎಂಬ ಸಾಲೂ ಅದರಲ್ಲಿತ್ತು. ಎಳನೀರನ್ನೂ ಸೊಪ್ಪನ್ನೂ ಗೇಟಿನೊಳಗೆ ಇಟ್ಟರು. ಹೊರಡುವಾಗ ಮುಖ ನೋಡದೆ ಹೇಳಿದರು:

"ಎಲ್ಲಿಗೆ ಹೋದ್ರೂ ಆಡ್ಲಿ ಮೇಡಂ. ಮಗು ಮೇಲೆ ಆ ಮಾತು ಮಾತ್ರ ಆಡಬಾರದಿತ್ತು."

ಮಗ ಗೋವಾ ನೋಡಿ ಬಂದ. ಆಮೇಲೆ ನಾಲ್ಕು ವರ್ಷ ಹೆಚ್ಚಾಗಿ ಬೆಂಚಿನ ಮೇಲೆ ಕೂತ, ಹತ್ತನೇ ಕ್ಲಾಸು ಬಂತು, ಬೂಟು ಅಟ್ಟ ಸೇರಿತು. ಕ್ಲಬ್ಬನ್ನು ದೂರುವಂತಿಲ್ಲ, ಅಲ್ಲಿ ಅವನು ಕಲಿತದ್ದೂ ಇದೆ. ಬದಲಿಸಿದ್ದು ತಪ್ಪೋ ಸರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾತ್ರ ಆ ಮೈದಾನದ ರಸ್ತೆ ಬಿಟ್ಟು ತರಕಾರಿಗೆ ಸುತ್ತುದಾರಿ ಹಿಡಿದೆ, ಅದೇ ಅಭ್ಯಾಸವಾಗಿಹೋಯಿತು.

ಕ್ಲಿನಿಕ್ಕಿನಿಂದ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಇಷ್ಟು ವರ್ಷದ ಮೇಲಾದರೂ ತಪ್ಪಾಯಿತು ಎಂದು ಹೇಳಿಬರೋಣವೆಂದು ಭಾನುವಾರ ಕುರುಬರಹಳ್ಳಿಗೆ ಹೋದೆ. ಮನೆ ಕೇಳಿಕೊಂಡು ಹುಡುಕಿದೆ. ಬಾಗಿಲು ತೆಗೆದವರು ಅವರ ಹೆಂಡತಿ. ಸಾರ್ ಹೋಗಿ ಆರು ವರ್ಷವಾಯಿತು ಎಂದರು. ಇಂಥ ಹುಡುಗನ ತಾಯಿ ನಾನು, ಬಸವೇಶ್ವರನಗರ ಎಂದೆ. ಅವರು ಒಂದು ಗಳಿಗೆ ಯೋಚಿಸಿದರು.

"ಅಮ್ಮ ಆಗಿತ್ತಲ್ಲ, ಆ ಹುಡುಗನಾ? ನಿಮ್ಮನೆಗೆ ಎಳನೀರು ಕೊಟ್ಟು ಬಂದವರು ಅವತ್ತು ಸಂಜೇನೇ ನನ್ನ ಕೈಲಿ ಮೊಸರನ್ನ ಮಾಡಿಸಿ ಮಾರಮ್ಮಂಗೆ ತಂಪು ಒಪ್ಪಿಸಿದ್ರು. ಮಗು ಹುಷಾರಾಗ್ಲಿ ಅಂತ."

ಅವತ್ತು ಸಂಜೆ ಎಂದರೆ, ಎಲ್ಲ ಗೊತ್ತಾದ ಮೇಲೆ. ಹೆಂಡತಿಗೂ ಅವರು ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆಕೆ ಅದನ್ನು ಬೇರೆಯಾಗಿ ತಿಳಿದು ನನ್ನ ಕೈ ಹಿಡಿದುಕೊಂಡರು. ಹುಡುಗ ಆಮೇಲೆ ಹುಷಾರಾದನಲ್ಲ ಎಂದು ಕೇಳಿದರು.

ಆದ ಎಂದೆ.