ಮೊದಲು ನಕಲು
ಬಲ್ಗೇರಿಯಾದ ಪ್ಲೋವ್ದಿವ್‌ನ ನಮ್ಮ ಬೀದಿಯಲ್ಲಿ ಯಾರದಾದರೂ ವಿಡಿಯೋ ಸಂಕಲನದ ತಂತ್ರಾಂಶಕ್ಕೆ ಸೇರಿಸಿದ ಪ್ಲಗಿನ್ ಕೈಕೊಟ್ಟರೆ ವೆಲ್ಕೊನನ್ನು ಕರೆಯುತ್ತಾರೆ. ಅವನು ಪೊಲೀಸನಂತೆ ಬರುತ್ತಾನೆ, ಕೋಟು ಬಿಚ್ಚುವುದಿಲ್ಲ, ಕಾಫಿ ಮುಟ್ಟುವುದಿಲ್ಲ, "ನಿನ್ನೆ ಏನ್ ಹೊಸದಾಗಿ ಹಾಕ್ದೆ?" ಎನ್ನುತ್ತಾನೆ. "ಏನೂ ಇಲ್ಲ" ಎಂಬ ಉತ್ತರವನ್ನು ಅವನು ಈವರೆಗೆ ಒಮ್ಮೆಯೂ ನಂಬಿಲ್ಲ; ನಂಬಬೇಕಾದ ಪ್ರಸಂಗವೂ ಬಂದಿಲ್ಲ. ಕಳೆದ ಶನಿವಾರ ಕೆಳಮನೆಯ ರಾದೋಸ್ತಿನಾಳ ತಂದೆ ತೀರಿಕೊಂಡ ನಲವತ್ತನೆಯ ದಿನ. ಐದು ಗಂಟೆಗೆ ಬಂಧುಗಳಿಗೆ ತೋರಿಸಬೇಕೆಂದು ಅವಳು ಮಾಡಿದ್ದ ಅವರ ವಿಡಿಯೋ ಚಿತ್ರ ತೆರೆದೊಡನೆ ಮುಚ್ಚಿಕೊಳ್ಳುತ್ತಿತ್ತು. ಮೇಲ್ಮನೆಯ ಟೀಚರಾದ ನಾನು ಇಳಿದು ಹೋದಾಗ ನಾಲ್ಕಾಗಿತ್ತು. "ಮೊದಲು ಎಲ್ಲದರ ನಕಲು," ಎಂದು ವೆಲ್ಕೊ ತನ್ನ ಡಿಸ್ಕ್ ಜೋಡಿಸಿದ. "ಅದಕ್ಕೇ ಅರ್ಧ ಗಂಟೆ ಬೇಕಲ್ಲ ಮಾಮ! ತಿಥಿಯ ಗೋಧಿ ಬೇಯ್ಸಿ ಆಯ್ತು, ಪಾದ್ರಿ ಬಂದು ಕೂತಿದಾರೆ!" ಎಂದಳು ರಾದೋಸ್ತಿನಾ. "ಅವರಿಗೆ ಇನ್ನೊಂದು ಗುಟುಕು ರಾಕಿಯಾ ಕೊಡು." ನಕಲು ಮುಗಿಯುವವರೆಗೆ ಅವನು ಕೀಲಿಮಣೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತ. ಆಮೇಲೆ ಇಪ್ಪತ್ತನಾಲ್ಕು ಪ್ಲಗಿನ್‌ಗಳಲ್ಲಿ ಅರ್ಧ ತೆಗೆದು ನೋಡಿದ. ಚಿತ್ರ ಮತ್ತೆ ಮುಚ್ಚಿಕೊಂಡಿತು. ಉಳಿದದ್ದರಲ್ಲಿ ಅರ್ಧ ತೆಗೆದ, ಅದರಲ್ಲೂ ಅರ್ಧ. ಐದಕ್ಕೆ ಹತ್ತು ನಿಮಿಷವಿರುವಾಗ ಅಕ್ಷರ ಹೊಳೆಯಿಸುವ ಪ್ಲಗಿನ್ ಸಿಕ್ಕಿಬಿತ್ತು. "ಇದನ್ನ ನಿನ್ನೆ ಹಾಕ್ದೆ ತಾನೆ?" "ಅಪ್ಪನ ಹೆಸರು ಹೊಳೀಲಿ ಅಂತ..." ಅದನ್ನು ಕಿತ್ತೊಡನೆ ಅವಳ ಅಪ್ಪ ಪರದೆಯ ಮೇಲೆ ನಗತೊಡಗಿದ. ರಾದೋಸ್ತಿನಾ ಕಂಪ್ಯೂಟರನ್ನು ಎತ್ತಿಕೊಂಡು ಓಡುವ ಮೊದಲು, ವೆಲ್ಕೊನ ಡಿಸ್ಕಿನಲ್ಲಿ ಅವನ ತಾಯಿಯ ಹೆಸರಿನ ಫೋಲ್ಡರೊಂದು ನನ್ನ ಕಣ್ಣಿಗೆ ಬಿತ್ತು. ಗಾತ್ರ ಸೊನ್ನೆ. "ಖಾಲಿ ಇದೆಯಲ್ಲ, ಯಾಕೆ ಇಟ್ಟಿದೀಯ?" ಎಂದೆ. "ಅಮ್ಮನ ಚಿತ್ರ ಕೈಕೊಟ್ಟ ದಿನ ನಂಗೂ ಅವಸರ ಇತ್ತು, ಟೀಚರಮ್ಮ," ಎಂದ.