ಬಿಲ್ವದ ಮೇಲೆ ನಿಂಬೆಯ ಹುಳು

ಮಾರಮ್ಮನ ಹಬ್ಬದಲ್ಲಿ ಕೋಳಿಯ ಪುಕ್ಕ ಕಿತ್ತು, ಕೊಯ್ದು, ಸಾರು ಮಾಡುವುದರಲ್ಲಿ ಪಟಾಲಮ್ಮನನ್ನು ಮೀರಿಸುವವರು ಇರಲಿಲ್ಲ. ಅಂಥ ಗಟ್ಟಿಗಿತ್ತಿಗೆ ಒಂದು ಹುಳು ಹೊಸಕಲು ಕೈ ಬರುತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಹೊಲವೆಲ್ಲ ರಾಜಾಜಿನಗರದ ಸೈಟುಗಳಾದ ಮೇಲೆ ಅವಳ ಪಾಲಿಗೆ ಮಣ್ಣು ಅಂತ ಉಳಿದದ್ದು ಹೊಸ ಮನೆಯ ಹಿಂದಿನ ಅಂಗೈಯಗಲ ಹಿತ್ತಿಲು. ಐವತ್ತೇಳನೇ ಇಸವಿಯ ಮಳೆಗಾಲದಲ್ಲಿ ಅಲ್ಲಿ ಐದು ನಿಂಬೆ ಸಸಿ ನೆಟ್ಟಳು. ಇವೂ ಹೋದರೆ ತಾನು ಬೇಸಾಯ ಮಾಡಿದವಳೆಂದು ಹೇಳಿಕೊಳ್ಳಲು ಇನ್ನೇನಿದೆ ಎಂಬುದು ಅವಳ ಅಳಲು.

ಗೌರಿ ಹಬ್ಬದ ಹೊತ್ತಿಗೆ ಚಿಗುರಿನ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡಿತು. ನೀರು ಚಿಮುಕಿಸಿದರೆ ಹಿಕ್ಕೆ ನಡೆಯತೊಡಗಿತು! ಹಾಳು ಹುಳುಗಳು ಎರಡೇ ದಿನದಲ್ಲಿ ಒಂದು ಸಸಿಯನ್ನು ಬರೀ ಕಡ್ಡಿ ಮಾಡಿಬಿಟ್ಟವು.

"ಕಾಲಲ್ಲಿ ಹೊಸ್ಕಿ ಬಿಸಾಕಮ್ಮಿ," ಎಂದ ಗಂಡ ಮುನಿರಾಮಯ್ಯ.

"ಹೊಟ್ಟೆಗೆ ತಾನೆ ತಿಂತಾವೆ? ಗಿಡ ನೆಟ್ಟಿರೋ ಕೈಲಿ ಸಾಯ್ಸಾಕಾಗಲ್ಲ," ಎಂದಳು.

ಬೂದಿ ಎರಚಿದಳು, ಮಳೆ ತೊಳೆದುಕೊಂಡು ಹೋಯಿತು. ಆಮೇಲೆ ಹುಳುಗಳನ್ನು ಆರಿಸಿ, ಕರಟದಲ್ಲಿ ತುಂಬಿ, ಬೇಲಿಯ ಗಿಡಗಳ ಮೇಲೆ ಬಿಟ್ಟಳು. ಅವು ಆ ಸೊಪ್ಪನ್ನು ಮುಟ್ಟಲಿಲ್ಲ, ಸೊರಗಿ ಸತ್ತವು. ಅವತ್ತು ಪಟಾಲಮ್ಮನಿಗೆ ಊಟ ಸೇರಲಿಲ್ಲ. ಕೊನೆಗೆ ಈಶ್ವರನ ಗುಡಿಯ ಹಿಂದಿದ್ದ ಎಳೆಯ ಬಿಲ್ವದ ಮರಕ್ಕೆ ಬಿಟ್ಟು ನೋಡಿದಳು. ತವರಿಗೆ ಬಂದ ಮಗಳ ಹಾಗೆ ಕೂತು ಮೇದವು! ದೇವರ ಮರ, ದೇವರೇ ಕೊಟ್ಟ ಜೀವ, ಸರಿಹೋಯಿತೆಂದು ಹಿಗ್ಗಿ, ಎರಡು ತಿಂಗಳು ದಿನವೂ ಕರಟ ಹೊತ್ತಳು. ನಿಂಬೆ ಐದೂ ಚಿಗುರಿ ಮಂಡಿಯೆತ್ತರ ಬಂದವು.

ಕಾರ್ತಿಕದ ಮೊದಲ ಸೋಮವಾರ ಪತ್ರೆ ಕೊಯ್ಯಲು ಹೋದ ಅರ್ಚಕರು ಬರಿಬುಟ್ಟಿ ಹಿಡಿದು ವಾಪಸು ಬಂದರು.

"ಒಂದು ದಳ ನೆಟ್ಟಗಿಲ್ಲ. ದೇವರಿಗೆ ತೂತು ಬಿದ್ದ ಪತ್ರೆ ಏರಿಸ್ಲಾ? ನಾಳೇನೇ ಮರಕ್ಕೆ ಔಷಧಿ ಹೊಡೆಸ್ತೀನಿ," ಎಂದು ಗುಡುಗಿದರು.

ಪೂಜೆಗೆಂದು ಗುಡಿಗೆ ಬಂದಿದ್ದ ಪಟಾಲಮ್ಮ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದೆ ತಡೆಯಲಿಲ್ಲ.

"ನಾನೇ ತಂದ್ ಬಿಟ್ಟೆ, ಅಯ್ನೋರೆ. ತಪ್ಪಾಯ್ತು. ಔಷ್ದಿ ಬ್ಯಾಡಿ, ಇವತ್ತೇ ಕರ್ಕೊಂಡ್ ಹೋಗ್ತೀನಿ."

"ಎಲ್ಲಿಗಮ್ಮ?"

ಅವಳು ಆಗಲೇ ಕರಟ ತರಲು ಮನೆಯ ಕಡೆ ಹೊರಟಿದ್ದಳು. ಮುನಿರಾಮಯ್ಯ ಬೈದುಕೊಂಡೇ ಏಣಿ ಹಿಡಿದ. ಬಿಸಿಲು ಇಳಿಯುವವರೆಗೆ ಒಂದೊಂದೇ ಹುಳು ಆರಿಸಿ, ಕರಟ ತುಂಬಿಸಿಕೊಂಡು ಬಂದು ಹಿತ್ತಿಲಲ್ಲಿ ನಿಂತಳು. ಐದೂ ಅವಳ ಕೈಗೂಸುಗಳೇ. ಕೊನೆಗೆ ಎಲ್ಲಕ್ಕಿಂತ ಹುಲುಸಾಗಿದ್ದ ಸಸಿಯ ಮೇಲೆ ಹುಳುಗಳನ್ನು ಬಿಟ್ಟಳು.

"ಇದೊಂದು ಅವಕ್ಕಿರ್ಲಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಲಿಂದ ಮುಂದೆ ಉಳಿದ ಗಿಡಗಳ ಹುಳುಗಳೆಲ್ಲ ದಿನವೂ ಆ ಗಿಡಕ್ಕೇ ಹೋದವು. ಕೆಲವು ವರ್ಷಕ್ಕೆ ನಾಲ್ಕು ಗಿಡ ಫಲ ಬಿಟ್ಟವು, ಬೀದಿಗೆಲ್ಲ ನಿಂಬೆಹಣ್ಣು ಹಂಚಿದಳು. ಐದನೆಯದು ಮಂಡಿ ಮೀರಿ ಏಳಲೇ ಇಲ್ಲ. ಆದರೂ ಮುನಿರಾಮಯ್ಯ ಬಿಂದಿಗೆ ಹಿಡಿದರೆ ಮೊದಲ ನೀರು ಆ ಮೋಟುಗಿಡಕ್ಕೇ. ಯಾರಾದರೂ ಯಾಕೆಂದು ಕೇಳಿದರೆ ಮುಖ ಗಂಟಿಕ್ಕಿ ಹೇಳುತ್ತಿದ್ದ:

"ಏನ್ ಮಾಡ್ಲಪ್ಪ, ಇಲ್ಲಿ ಸೊಪ್ಪು ಸಾಲ್ದೆ ಹೋದ್ರೆ ನಮ್ಮವಳು ಮತ್ತೆ ಕರಟ ಹಿಡ್ಕೊಂಡು ಗುಡಿಗೆ ಹೊರಡ್ತಾಳೆ!"